ತೆಂಗಿನ ಮರ ಏರುವವರ ಕಸುಬು: ಒಂಟಿ ದುಡಿಮೆಗೆ ಕೂಟದ ಆಸರೆ

ಉಡುಪಿ ಜಿಲ್ಲೆಯಲ್ಲಿ ತೆಂಗಿಲ್ಲದ ಹಿತ್ತಿಲು ಕಾಣುವುದು ಅಪರೂಪ. ಕಾಪುವಿನ ಕಡಲ ಬದಿಯ ಮರಳು ಭೂಮಿಯಲ್ಲಿ, ಮಣಿಪಾಲದ ಮನೆಗಳ ಆವರಣದಲ್ಲಿ, ಕಾರ್ಕಳದ ಅಡಿಕೆ ತೋಟಗಳ ಅಂಚಿನಲ್ಲಿ, ಎಲ್ಲೆಡೆಯೂ ತೆಂಗು ಇದೆ. ಮರ ಏರುವವರು ಮಾತ್ರ ಕಡಿಮೆ. ಕಾಯಿ ತೆಗೆಯಲು ಜನ ಸಿಗುವುದಿಲ್ಲ ಎಂಬುದು ರೈತರ ಸಾಮಾನ್ಯ ದೂರು. ಇತ್ತ ಮರ ಏರಲು ಕಲಿತ ಯುವಕರು ಕೆಲವೇ ವರ್ಷಗಳಲ್ಲಿ ಆ ಕಸುಬನ್ನು ಬಿಟ್ಟು ಬೇರೆ ಕಡೆ ಹೋಗುವುದೂ ಉಂಟು. ಕೆಲಸಕ್ಕೆ ಕೊರತೆಯೇ ಇಲ್ಲದಿರುವಾಗ ಹೀಗಾಗುವುದೇಕೆ ಎಂಬುದನ್ನು ಮರದ ಮೇಲಿರುವವನ ಕಡೆಯಿಂದ ನೋಡುವುದು ಈ ಲೇಖನದ ಉದ್ದೇಶ.

ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ‘ತೆಂಗಿನ ಮರದ ಗೆಳೆಯರು’ ಎಂಬ ತರಬೇತಿ ಕಾರ್ಯಕ್ರಮವನ್ನು ಮೊದಲು ಕೇರಳದಲ್ಲಿ ಆರಂಭಿಸಿತು. ಮುಂದೆ ಅದು ಇತರ ತೆಂಗು ಬೆಳೆಯುವ ರಾಜ್ಯಗಳಿಗೂ ಹಬ್ಬಿತು. ಆರು ದಿನಗಳ ತರಬೇತಿಯಲ್ಲಿ ಯಂತ್ರದ ಸಹಾಯದಿಂದ ಮರ ಏರುವುದು, ಕಾಯಿಯ ಬಲಿತ ಹದ ಗುರುತಿಸುವುದು, ಸುಳಿ ಶುಚಿ ಮಾಡುವುದು, ಕೀಟ ರೋಗಗಳ ಹತೋಟಿ ಇವನ್ನು ಕಲಿಸಿ, ಯಂತ್ರವನ್ನೂ ಕೊಟ್ಟು ಕಳುಹಿಸಲಾಗುತ್ತದೆ. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಈ ತರಬೇತಿ ನಡೆದಿದೆ. ಹೆಚ್ಚಾಗಿ ಬಳಕೆಯಲ್ಲಿರುವ ಯಂತ್ರ ಕಣ್ಣೂರು ಜಿಲ್ಲೆಯ ಚೆಂಬೇರಿಯಲ್ಲಿ ರೂಪುಗೊಂಡ ಮಾದರಿಯದು. ಎರಡು ಪಾದಗಳಿಗೆ ಎರಡು ಚೌಕಟ್ಟು, ಮರವನ್ನು ಸುತ್ತಿ ಹಿಡಿಯುವ ಉಕ್ಕಿನ ಹಗ್ಗ, ಇಷ್ಟೇ ಅದರ ರಚನೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಇದಕ್ಕೆ ಸುರಕ್ಷತಾ ಜೋಡಣೆಯೊಂದನ್ನು ರೂಪಿಸಿದೆ.

ಆರು ದಿನಗಳಲ್ಲಿ ಮರ ಏರಲು ಬಂದೀತು. ಆದರೆ ಏಳನೆಯ ದಿನದಿಂದ ಆತ ಒಬ್ಬಂಟಿ. ಯಾರ ಮನೆಗೆ ಯಾವಾಗ ಹೋಗಬೇಕು, ಎಷ್ಟು ದರ ಕೇಳಬೇಕು, ಜ್ವರ ಬಂದರೆ ಒಪ್ಪಿಕೊಂಡ ಕೆಲಸದ ಗತಿಯೇನು, ಇವೆಲ್ಲವೂ ಅವನ ತಲೆಯ ಮೇಲೆಯೇ ಬೀಳುತ್ತವೆ.

ತೊಡಕು ಎಲ್ಲಿದೆ?

ಕಾಪುವಿನ ಒಬ್ಬ ಯುವಕನ ಒಂದು ದಿನವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಊರಿನಲ್ಲೇ ಒಂದು ಮನೆ. ಹತ್ತು ಗಂಟೆಗೆ ಮಣಿಪಾಲದಿಂದ ದೂರವಾಣಿ ಕರೆ: ಮಕ್ಕಳು ದೂರದಲ್ಲಿರುವ ವೃದ್ಧ ದಂಪತಿ, ನಾಲ್ಕು ಮರ, ಒಣ ಮಡಲು ಕಾರಿನ ಮೇಲೆ ಬೀಳುವ ಭಯ. ಮಧ್ಯಾಹ್ನ ಮೇಲೆ ಕಾರ್ಕಳದ ಬಳಿ ಇನ್ನೊಂದು ತೋಟ. ಮನೆಗೆ ಹಿಂತಿರುಗುವಾಗ ಬೈಕಿನ ಓಟ ಎಪ್ಪತ್ತು ಕಿಲೋಮೀಟರು ಮೀರುತ್ತದೆ, ಏರಿದ ಮರ ಹದಿನೈದು ದಾಟಿರುವುದಿಲ್ಲ. ಒಂದು ಮನೆಯಲ್ಲಿ ಮರವೊಂದಕ್ಕೆ ಇಷ್ಟು ಎಂದು ಹಣ, ಇನ್ನೊಂದರಲ್ಲಿ ಹಣದ ಜತೆ ಕಾಯಿ, ಮೂರನೆಯದರಲ್ಲಿ ಮುಂದಿನ ಸಲ ಕೊಡುತ್ತೇನೆ ಎಂಬ ಮಾತು. ಮರದ ತುದಿಯಲ್ಲಿರುವಾಗ ಕಿಸೆಯ ಫೋನು ಬೇರೆ ಹೊಡೆದುಕೊಳ್ಳುತ್ತದೆ. ಅಲ್ಲಿಂದಲೇ ಉತ್ತರ ಕೊಡುವವರೂ ಇದ್ದಾರೆ. ಇದು ಪ್ರಾಣಕ್ಕೆ ಎರವಾಗುವ ಅಭ್ಯಾಸ.

ಒಂದು ಪ್ರದೇಶ, ಒಂದು ಸುತ್ತು

ತೆಂಗಿನ ಸ್ವಭಾವವೇ ಈ ಕಸುಬನ್ನು ಸರಳಗೊಳಿಸಲು ಅನುಕೂಲವಾಗಿದೆ. ಚೆನ್ನಾಗಿ ಫಲ ಕೊಡುವ ಮರದಲ್ಲಿ ಸುಮಾರು ತಿಂಗಳಿಗೊಂದು ಗೊನೆ ಬರುತ್ತದೆ. ಕಾಯಿ ಬಲಿಯಲು 11-12 ತಿಂಗಳು ಬೇಕು. ಆದುದರಿಂದ 45ರಿಂದ 60 ದಿನಗಳಿಗೊಮ್ಮೆ ಕೊಯ್ಲು ಮಾಡುವುದು ರೂಢಿ. ಎಂದರೆ ಇಂದು ಹತ್ತಿದ ಮರವನ್ನು ಮತ್ತೆ ಎಂದು ಹತ್ತಬೇಕೆಂಬುದು ಇಂದೇ ಗೊತ್ತು. ಕರೆ ಬರುವವರೆಗೆ ಕಾಯುವ ಅಗತ್ಯವೇ ಇಲ್ಲ.

ಲೆಕ್ಕ ಹೀಗೆ ಹಾಕಿ ನೋಡಬಹುದು. 45 ದಿನಗಳ ಸುತ್ತಿನಲ್ಲಿ ಭಾನುವಾರ, ಮದುವೆ ಮುಂಜಿ, ಕೋಲ ನೇಮ, ಮೈ ಸರಿಯಿಲ್ಲದ ದಿನ ಕಳೆದು 30 ದಿನ ದುಡಿಯುವನೆಂದೂ, ದಿನಕ್ಕೆ 30 ಮರ ಏರುವನೆಂದೂ ಇಟ್ಟುಕೊಳ್ಳೋಣ. ಒಂದು ಸುತ್ತಿಗೆ 900 ಮರಗಳಾದವು. ಸರಾಸರಿ ಮನೆಗೆ 10 ಮರವಾದರೆ 90 ಮನೆ ಸಾಕು. ಕಾಪುವಿನಂತಹ ಒತ್ತಾದ ಮನೆಗಳಿರುವಲ್ಲಿ ಅಕ್ಕಪಕ್ಕದ ಒಂದೆರಡು ಗ್ರಾಮಗಳಲ್ಲೇ ಇಷ್ಟು ಮನೆಗಳು ಸಿಗುತ್ತವೆ. ಕಾರ್ಕಳದ ಕಡೆ ಮನೆಗಳು ದೂರ ದೂರ. ಆದರೆ ಮನೆಯೊಂದಕ್ಕೆ ಮರಗಳೂ ಹೆಚ್ಚು. ತೊಂಬತ್ತರ ಮೇಲೆ ಹೊಸ ಮನೆ ಒಪ್ಪಿಕೊಳ್ಳುವುದೆಂದರೆ ಹಳೆಯ ಮನೆಗೆ ತಪ್ಪುವುದೆಂದೇ ಅರ್ಥ.

ಇದಕ್ಕೆ ಬೇಕಾದುದು ಒಂದು ನೋಟು ಪುಸ್ತಕ. ಪ್ರತಿ ಮನೆಗೆ ಅರ್ಧ ಪುಟ. ಮರಗಳ ಸಂಖ್ಯೆ, ಹತ್ತಿದ ತಾರೀಕು, ಮುಂದಿನ ತಾರೀಕು, ಪಡೆದ ಹಣ, ಮರದಲ್ಲಿ ಕಂಡ ದೋಷ, ಇಷ್ಟು ಬರೆದರೆ ಸಾಕು. ಕೆಲಸ ಮುಗಿಸಿ ಹೊರಡುವಾಗ ಮುಂದಿನ ತಾರೀಕನ್ನು ಮನೆಯವರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸುವುದು ಉತ್ತಮ. ಸೀಯಾಳಕ್ಕೆ ಬೇರೆ ತಾರೀಕು ಕೇಳುವ ಮನೆಗಳಿಗೆ ವಾರದಲ್ಲಿ ಒಂದು ಅರ್ಧ ದಿನ ತೆಗೆದಿರಿಸಿದರೆ ಸುತ್ತು ಕೆಡುವುದಿಲ್ಲ.

ದರವೂ ಒಂದೇ ಇರಲಿ. ಕಾಯಿ ಇಳಿಸಿ ಒಣ ಮಡಲು, ಕೊತ್ತಳಿಗೆ ತೆಗೆಯುವುದಕ್ಕೆ ಮರವೊಂದಕ್ಕೆ ಇಷ್ಟು. ಸುಳಿಗೆ ಔಷಧೋಪಚಾರ ಮಾಡಿದರೆ ಅದರ ಮೇಲೆ ಇಷ್ಟು. ಹಣ ಅದೇ ದಿನ.

ಈ ಉಪಚಾರವನ್ನು ಹಲವರು ಅಲಕ್ಷಿಸುತ್ತಾರೆ. ಮರದ ತುದಿಯನ್ನು ಹತ್ತಿರದಿಂದ ನೋಡುವವನು ಅವನೊಬ್ಬನೇ. ಕುರುವಾಯಿ ದುಂಬಿ ಕೊರೆದ ಸುಳಿ, ಕೆಂಪು ಮೂತಿ ಹುಳುವಿನ ರಂಧ್ರ, ಸುಳಿ ಕೊಳೆಯ ಮೊದಲ ಲಕ್ಷಣ ಕೆಳಗಿನಿಂದ ಕಾಣುವಾಗ ತಡವಾಗಿರುತ್ತದೆ. ಮೇಲಿನ ಮೂರು ಗರಿಗಳ ಬುಡದ ಸಂದಿಗೆ ಮರವೊಂದಕ್ಕೆ 250 ಗ್ರಾಂ ಬೇವಿನ ಹಿಂಡಿಯ ಪುಡಿಯನ್ನು ಅಷ್ಟೇ ಮರಳಿನೊಡನೆ ಬೆರೆಸಿ ತುಂಬುವುದು ಕುರುವಾಯಿ ಹತೋಟಿಗೆ ಸುಲಭ ಕ್ರಮ. ಮಳೆಗಾಲಕ್ಕೆ ಮುಂಚೆ ಸುಳಿ ಶುಚಿ ಮಾಡಿ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಿದರೆ ಸುಳಿ ಕೊಳೆಯಿಂದ ರಕ್ಷಣೆ. ಏರಿದ ಮರದಲ್ಲೇ ದೊರೆಯುವ ಈ ಹೆಚ್ಚಿನ ಸಂಪಾದನೆಗೆ ಬೈಕು ಓಡಿಸಬೇಕಾಗಿಲ್ಲ.

ಕೂಟ ಏಕೆ ಬೇಕು?

ಇಷ್ಟೆಲ್ಲ ಮಾಡಿಕೊಂಡರೂ ಒಬ್ಬನಿಂದ ಆಗದ ಕೆಲವು ಸಂಗತಿಗಳಿವೆ. ಕಾಲು ಉಳುಕಿದರೆ ಹದಿನೈದು ದಿನ ಮನೆಯಲ್ಲಿ. ಅಷ್ಟರಲ್ಲಿ ಮೂವತ್ತು ಮನೆಗಳ ಸುತ್ತು ತಪ್ಪುತ್ತದೆ, ಮನೆಯವರು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಈ ಅಂಜಿಕೆಯಿಂದಲೇ ನೋವಿದ್ದರೂ ಮರ ಏರುವವರಿದ್ದಾರೆ.

ಅಕ್ಕಪಕ್ಕದ ಗ್ರಾಮಗಳ ಐದಾರು ಮಂದಿ ಸೇರಿ ಕೂಟ ಮಾಡಿಕೊಂಡರೆ ಇದಕ್ಕೆ ಪರಿಹಾರ ಉಂಟು. ಅಧ್ಯಕ್ಷ, ಕಾರ್ಯದರ್ಶಿ, ನೋಂದಣಿ ಯಾವುದೂ ಮೊದಲಿಗೆ ಬೇಡ. ನಮ್ಮ ಜಿಲ್ಲೆಗೆ ಈ ಕ್ರಮ ಹೊಸತೂ ಅಲ್ಲ. 1982ರಲ್ಲಿ ಆರಂಭವಾದ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ತಂಡಗಳಲ್ಲಿ ಸಣ್ಣ ಹಿಡುವಳಿದಾರರು ಸರದಿಯಂತೆ ಒಬ್ಬೊಬ್ಬರ ಜಮೀನಿನಲ್ಲಿ ಸೇರಿ ದುಡಿಯುತ್ತಾರೆ. ಕಳ್ಳು ಇಳಿಸುವವರಿಗೆ ಮೂರ್ತೆದಾರರ ಸಹಕಾರಿ ಸಂಘಗಳಿವೆ. ಕಾಯಿ ತೆಗೆಯುವವರಿಗೂ ಅಂತಹುದೊಂದು ಆಸರೆ ಬೇಕು.

ಕೂಟದ ಮುಖ್ಯ ನಿಯಮ ಒಂದೇ: ಜತೆಗಾರ ಮಲಗಿದಾಗ ಅವನ ಪುಸ್ತಕ ಹಿಡಿದು ಅವನ ಮನೆಗಳಿಗೆ ಹೋಗುವುದು, ಅವನು ಎದ್ದ ದಿನ ಪುಸ್ತಕವನ್ನೂ ಮನೆಗಳನ್ನೂ ಹಿಂದಿರುಗಿಸುವುದು. ಇದಕ್ಕೆ ತಪ್ಪಿದರೆ ಕೂಟ ಒಂದು ವರ್ಷವೂ ಉಳಿಯಲಾರದು. ಆ ದಿನಗಳ ಸಂಪಾದನೆಯಲ್ಲಿ ಮಲಗಿದವನಿಗೆ ಎಷ್ಟು ಪಾಲು ಎಂಬುದನ್ನು ಮೊದಲೇ, ಎಲ್ಲರೂ ಆರೋಗ್ಯವಾಗಿರುವಾಗಲೇ, ತೀರ್ಮಾನಿಸಿ ಬರೆದಿಡತಕ್ಕದ್ದು. ತನ್ನ ಪ್ರದೇಶದ ಹೊರಗಿನ ಕರೆ ಬಂದರೆ ಅಲ್ಲಿಯ ಜತೆಗಾರನಿಗೆ ತಿಳಿಸುವುದೂ ನಿಯಮದಲ್ಲಿ ಸೇರಲಿ. ಹಾಗಾದರೆ ಕಾಪುವಿನವನು ಮಣಿಪಾಲದ ನಾಲ್ಕು ಮರಗಳಿಗಾಗಿ ಓಡಬೇಕಾಗಿಲ್ಲ. ಆ ವೃದ್ಧ ದಂಪತಿಗೂ ಇಲ್ಲ ಎಂಬ ಉತ್ತರ ಸಿಗುವುದಿಲ್ಲ.

ಮಳೆಗಾಲವು ಈ ಕಸುಬಿನ ಬರಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಂಡ ಪಾಚಿ ಕಟ್ಟಿ ಜಾರುತ್ತದೆ, ಹೊಳವು ಸಿಕ್ಕ ದಿನಗಳಲ್ಲಿ ಮಾತ್ರ ಕೆಲಸ. ಏರಿದ ಮರವೊಂದಕ್ಕೆ ಎರಡು ರೂಪಾಯಿಯಂತೆ ಎಂಟು ತಿಂಗಳು ಕೂಟದ ಖಾತೆಗೆ ಹಾಕಿದರೆ, ತಿಂಗಳಿಗೆ 600 ಮರ ಏರುವವನಿಗೆ 9,600 ರೂಪಾಯಿ ಉಳಿಯುತ್ತದೆ. ಒಬ್ಬನೇ ಉಳಿಸುತ್ತೇನೆಂದರೆ ಅದು ಮೇ ತಿಂಗಳಿಗೆ ಮುಂಚೆಯೇ ಖರ್ಚಾಗುವುದು ಸಹಜ.

ತಿಂಗಳ ಸಭೆಯಲ್ಲಿ ಮಾಡಬೇಕಾದ ಕೆಲಸ

ತಿಂಗಳಿಗೊಮ್ಮೆ ಸೇರುವಾಗ ಎಲ್ಲರೂ ತಮ್ಮ ಯಂತ್ರವನ್ನು ತರಬೇಕು. ಒಬ್ಬರ ಯಂತ್ರವನ್ನು ಇನ್ನೊಬ್ಬರು ಪರೀಕ್ಷಿಸಬೇಕು. ದಿನವೂ ಬಳಸುವವನ ಕಣ್ಣಿಗೆ ಸವೆತ ಕಾಣುವುದಿಲ್ಲ. ಉಕ್ಕಿನ ಹಗ್ಗದ ಒಂದು ಎಳೆ ಬಿಚ್ಚಿದ್ದರೂ ಹಗ್ಗ ಬದಲಿಸಬೇಕು. ಕಾಂಡಕ್ಕೆ ತಾಗುವ ರಬ್ಬರು, ತಿರುಪು, ಸುರಕ್ಷತಾ ಪಟ್ಟಿ ನೋಡಬೇಕು. ಬದಲಿ ಹಗ್ಗ ಒಂದು ಕೂಟದಲ್ಲಿ ಸದಾ ಇರಲಿ. ನಾಳೆ ತರೋಣವೆಂದು ಸವೆದ ಹಗ್ಗದಲ್ಲೇ ಏರುವುದು ಅದರಿಂದ ತಪ್ಪುತ್ತದೆ.

ವಿದ್ಯುತ್ ತಂತಿ ಹತ್ತಿರವಿರುವ ಮರಗಳ ಪಟ್ಟಿಯನ್ನು ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಬರೆಯಿರಿ. ಅಂತಹ ಮರಕ್ಕೆ ಇಬ್ಬರು ಹೋಗತಕ್ಕದ್ದು, ಮೆಸ್ಕಾಂನವರಿಂದ ಲೈನು ನಿಲ್ಲಿಸಿದ ಬಳಿಕವೇ ಏರತಕ್ಕದ್ದು. ಅಲ್ಯೂಮಿನಿಯಂ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆಂಬುದು ಎಲ್ಲರಿಗೂ ಗೊತ್ತು. ಈಚೆಗೆ ಅಡಿಕೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲಿಯೂ ಹರಿಯುತ್ತದೆ; ಹಗುರವೆಂದ ಮಾತ್ರಕ್ಕೆ ಅದು ಮರದ ಕೋಲಿಗೆ ಸಮಾನವಲ್ಲ.

ವಿಮೆಯ ವಿಚಾರವನ್ನು ಸಭೆಯಲ್ಲಿ ತಪ್ಪದೆ ಎತ್ತಬೇಕು. ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಅಪಘಾತ ವಿಮೆ 18ರಿಂದ 65 ವರ್ಷದ ಮರ ಏರುವವರಿಗೆ ಲಭ್ಯ. ಕಂತಿನ ದೊಡ್ಡ ಪಾಲನ್ನು ಮಂಡಳಿ ಭರಿಸುತ್ತದೆ, ತರಬೇತಿ ಪಡೆದವರಿಗೆ ಮೊದಲ ವರ್ಷ ಪೂರ್ತಿ. ಎರಡನೆಯ ವರ್ಷದಿಂದ ತಾನೇ ನವೀಕರಿಸಬೇಕೆಂಬುದನ್ನು ಮರೆತು ವಿಮೆಯಿಲ್ಲದೆ ಏರುವ ಅಪಾಯ ಇರುವುದು ಇಲ್ಲಿಯೇ. ಕೂಟದ ಎಲ್ಲರ ನವೀಕರಣವನ್ನು ಒಂದೇ ತಿಂಗಳಿಗೆ ಇಟ್ಟುಕೊಂಡು ಒಬ್ಬರು ಅರ್ಜಿಗಳನ್ನು ಒಟ್ಟಿಗೆ ಕಳುಹಿಸಿದರೆ ಯಾರದೂ ತಪ್ಪುವುದಿಲ್ಲ.

ವಿಸ್ತರಣಾ ಕಾರ್ಯಕರ್ತರು ತರಬೇತಿಗೆ ಅಭ್ಯರ್ಥಿಗಳನ್ನು ಆರಿಸುವಾಗ ಜಿಲ್ಲೆಯ ಮೂಲೆ ಮೂಲೆಯಿಂದ ಒಬ್ಬೊಬ್ಬರನ್ನು ಕರೆಯುವ ಬದಲು ಒಂದೇ ಕಡೆಯ ನಾಲ್ಕೈದು ಮಂದಿಯನ್ನು, ಸಾಧ್ಯವಾದರೆ ಮಹಿಳೆಯರನ್ನೂ ಸೇರಿಸಿ, ಆರಿಸುವುದು ಒಳ್ಳೆಯದು. ಹೊಸಬರು ಮೊದಲ ಎರಡು ಸುತ್ತು ಅನುಭವಿಗಳ ಜತೆಯಲ್ಲೇ ಹೋಗಲಿ. ತರಬೇತಿಯ ಮುಂದಿನ ತಂಡಗಳ ವಿವರವನ್ನು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ವಿಚಾರಿಸಲು ಹೋಗುವಾಗ ಜತೆಗೆ ಸೇರಲಿರುವವರನ್ನೂ ಕರೆದುಕೊಂಡು ಹೋಗಿ.