ಒಂದೇ ಒಲೆಯ ಲೆಕ್ಕ: ಅಂಗವಿಕಲರ ಮಾಸಾಶನ ಮತ್ತು ಕುಟುಂಬದ ಆದಾಯ



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸಲು ಮನೆಗಳಿಗೆ ಹೋಗುವವರಲ್ಲಿ ನಾನೂ ಒಬ್ಬ. ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ಒಂದು ಮನೆಗೆ ಹೋಗಿದ್ದೆ. ಅರ್ಜಿದಾರರು ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ ಇರುವ 38 ವರ್ಷದ ಹೆಣ್ಣುಮಗಳು. ತಾಯಿ ಇದ್ದಷ್ಟು ದಿನ ಇಬ್ಬರೂ ಚಾಳಿನ ಒಂದು ಖೋಲಿಯಲ್ಲಿದ್ದರು. ಮಹಾರಾಷ್ಟ್ರ ಸರಕಾರದ ಸಂಜಯ್ ಗಾಂಧಿ ನಿರಾಧಾರ ಯೋಜನೆಯ ಹಣ ತಿಂಗಳಿಗೊಮ್ಮೆ ಆಕೆಯ ಖಾತೆಗೆ ಬರುತ್ತಿತ್ತು. ತಾಯಿ ತೀರಿಕೊಂಡ ಮೇಲೆ ಅಣ್ಣ ತನ್ನ ಮನೆಗೆ ಕರೆತಂದು, ರೇಷನ್ ಕಾರ್ಡಿನಲ್ಲಿ ಹೆಸರು ಸೇರಿಸಿದ. ಮುಂದಿನ ಪರಿಶೀಲನೆಯಲ್ಲಿ ಆದಾಯದ ದಾಖಲೆಗೆ ಅಣ್ಣನ ಸಂಬಳ ಸೇರಿತು. ಹಣ ನಿಂತಿತು.

"ಈಗ ಸೋಪಿಗೂ ಅತ್ತಿಗೆಯನ್ನು ಕೇಳಬೇಕು ಅಣ್ಣಾ. ಅವರು ಇಲ್ಲ ಅನ್ನೋದಿಲ್ಲ. ಆದರೂ ಕೇಳಬೇಕಲ್ಲ" ಎಂದರು ಆಕೆ.

ಇದು ಅವರೊಬ್ಬರ ಕಥೆಯಲ್ಲ. ನಮ್ಮ ಮಾಸಾಶನಗಳು ಹೆಚ್ಚಾಗಿ ನೋಡುವುದು ವ್ಯಕ್ತಿಯ ಆದಾಯವನ್ನಲ್ಲ, ಕುಟುಂಬದ್ದನ್ನು. 2009ರಲ್ಲಿ ಶುರುವಾದ ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಗೆ ಶೇಕಡಾ 80 ವೈಕಲ್ಯ ಇದ್ದರಷ್ಟೇ ಸಾಲದು, ಮನೆಯೇ ಬಡತನ ರೇಖೆಯ ಕೆಳಗಿರಬೇಕು. ಅಷ್ಟಾದರೂ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ. ಜನಗಣತಿಯವರ ಲೆಕ್ಕದಲ್ಲಿ ಒಟ್ಟಿಗೆ ವಾಸಿಸಿ ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ಎಣಿಕೆಗೆ ಅದು ಸರಿಯೇ. ಆದರೆ ಒಂದೇ ಒಲೆಯ ಅನ್ನ ಉಂಡ ಮಾತ್ರಕ್ಕೆ ಅಣ್ಣನ ಸಂಬಳ ತಂಗಿಯದಾಗುವುದಿಲ್ಲ. ಯೋಜನೆಯ ಆದಾಯ ಮಿತಿಯೋ, ಸಾಮಾನ್ಯ ಗುಮಾಸ್ತನ ಮೂರು ನಾಲ್ಕು ತಿಂಗಳ ಸಂಬಳಕ್ಕೇ ದಾಟಿಹೋಗುವಂಥದು.

"ಬೇರೆ ರೇಷನ್ ಕಾರ್ಡ್ ಮಾಡಿಸಲಾ?" ಎಂದು ಆ ಅಣ್ಣ ಕೇಳಿದರು. ಹಲವರು ಕೇಳುತ್ತಾರೆ. ನಿಜವಾಗಿ ಬೇರೆ ಅಡುಗೆ, ಬೇರೆ ಸಂಸಾರ ಇದ್ದರೆ ಮಾಡಿಸಿ, ತಪ್ಪಿಲ್ಲ. ಕಾಗದದ ಮೇಲೆ ಮಾತ್ರ ಬೇರೆಯಾದರೆ ಅದು ಸುಳ್ಳು ದಾಖಲೆ, ಸಿಕ್ಕಿಬೀಳುವುದು ಆ ತಂಗಿಯೇ. ಬೇಡ ಎಂದೆ.

ಒಟ್ಟಿಗೆ ಇದ್ದೂ ಸಿಗುವಂಥವು ಕೆಲವಿವೆ. ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ವೈಕಲ್ಯ ಇರುವವರಿಗೆ. ಮನೆಯ ಆದಾಯ ಹೆಚ್ಚಿದ್ದರೂ ಸೇರಬಹುದು, ಶುಲ್ಕದಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ. ಆದಾಯ ತೆರಿಗೆಯಲ್ಲಿ ಹಳೆಯ ಪದ್ಧತಿ ಆರಿಸಿಕೊಂಡವರು ತಮ್ಮನ್ನೇ ಅವಲಂಬಿಸಿದ ಅಂಗವಿಕಲ ಅಕ್ಕ, ತಂಗಿ, ಅಣ್ಣ, ತಮ್ಮಂದಿರಿಗಾಗಿ 75,000 ರೂಪಾಯಿ, ವೈಕಲ್ಯ ಶೇಕಡಾ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಕಡಿತ ಪಡೆಯಬಹುದು. ತಮಾಷೆ ನೋಡಿ, ಯಾವ ಸಹವಾಸದಿಂದ ತಂಗಿಯ ಮಾಸಾಶನ ಹೋಯಿತೋ ಅದೇ ಅಣ್ಣನಿಗೆ ರಿಯಾಯಿತಿ. ತೆರಿಗೆಯೇ ಕಟ್ಟದಷ್ಟು ಸಣ್ಣ ಸಂಬಳದವನಿಗೆ ಅದೂ ಇಲ್ಲ.

ಊರಿನಿಂದ ಬಂದವರಿಗೆ ಒಂದು ಮಾತು. ಉಡುಪಿಯಲ್ಲೋ ಕಲಬುರ್ಗಿಯಲ್ಲೋ ಮಾಡಿಸಿದ ಯುಡಿಐಡಿ ಕಾರ್ಡು ಇಲ್ಲಿಯೂ ನಡೆಯುತ್ತದೆ. ಆದರೆ ನಿರಾಧಾರ ಯೋಜನೆಗೆ ಮಹಾರಾಷ್ಟ್ರದಲ್ಲಿ 15 ವರ್ಷ ವಾಸವಾಗಿರಬೇಕು.

ಇನ್ನು ನಮ್ಮದೇ ತಪ್ಪು. ನಮ್ಮ ನಿಧಿಯ ಅರ್ಜಿಯಲ್ಲೂ "ಕುಟುಂಬದ ಒಟ್ಟು ಆದಾಯ" ಎಂಬ ಒಂದೇ ಅಂಕಣವಿತ್ತು. ಅದನ್ನು ನೋಡಿ ನಾವೂ ಆಕೆಯ ಅರ್ಜಿಯನ್ನು ಒಮ್ಮೆ ಬದಿಗಿಟ್ಟಿದ್ದೆವು. ಆ ಮನೆಗೆ ಹೋಗಿ ಬಂದ ಮೇಲೆ ನಾನು ಸಮಿತಿಯಲ್ಲಿ ಕೇಳಿಕೊಂಡೆ, ವಾದವೂ ಆಯಿತು. ಎಲ್ಲರಿಗೂ ಕೊಡುವಷ್ಟು ಹಣ ಎಲ್ಲಿದೆ ಎಂಬ ಖಜಾಂಚಿಯವರ ಪ್ರಶ್ನೆ ಸುಳ್ಳಲ್ಲ. ಕೊನೆಗೆ ಎರಡು ಅಂಕಣ ಸೇರಿಸಿದ್ದೇವೆ: ರೋಗಿಯ ಸ್ವಂತ ಆದಾಯವೆಷ್ಟು? ಆಕೆಯ ಔಷಧ, ಚಿಕಿತ್ಸೆ, ಆರೈಕೆಗೆ ತಿಂಗಳಿಗೆ ತಗಲುವುದೆಷ್ಟು?

ಹೊಸ ಅರ್ಜಿಯಲ್ಲಿ ಆಕೆಯ ಸ್ವಂತ ಆದಾಯದ ಮುಂದೆ ಸೊನ್ನೆ ಇದೆ. ಆರು ತಿಂಗಳ ಫಿಸಿಯೋಥೆರಪಿ ಮತ್ತು ಒಂದು ಗಾಲಿಕುರ್ಚಿ ಕೇಳಿದ್ದಾರೆ. ನಿರಾಮಯಕ್ಕೆ ಅರ್ಜಿ ಹಾಕಿಸಿದ್ದೇವೆ, ಅದು ಬರುವವರೆಗಿನ ಖರ್ಚಿಗೆ ನಿಮ್ಮ ಕೈ ಬೇಕು. ಹಣ ಕಳಿಸುವವರು ದಯವಿಟ್ಟು "ವೈದ್ಯಕೀಯ ನೆರವು" ಎಂದು ಬರೆದು ಕಳಿಸಿ.