ಯಾವುದು ಕೆಟ್ಟಿತ್ತು?

ರಾಯಬಾಗ ತಾಲ್ಲೂಕಿನ ಶಾಲೆಯೊಂದರಲ್ಲಿ 10ನೇ ತರಗತಿಗೆ ವಿದ್ಯುತ್ ಮಂಡಲದ ಪಾಠ. ಬಲ್ಬ್ ಹತ್ತಲಿಲ್ಲ. ಹಿಂದೆ ವೀಕ್ಷಕರು ಕುಳಿತಿದ್ದರು. ಗಾಬರಿಯಲ್ಲಿ ಕೋಶ, ತಂತಿ, ಬಲ್ಬ್ ಮೂರನ್ನೂ ಒಮ್ಮೆಗೇ ಬದಲಿಸಿದೆ. ಹತ್ತಿತು. "ಹಂಗಾರ ಕೆಟ್ಟಿದ್ದ ಯಾವುದ್ರೀ ಸರ್?" ಎಂದಳು ಒಬ್ಬಳು. ನನ್ನಲ್ಲಿ ಉತ್ತರವಿರಲಿಲ್ಲ.

ಮರುಪಾಠದ ಪೀಠಿಕೆಗೆ ಒಂದು ಕಂಪ್ಯೂಟರ್ ಆಟವನ್ನು ತೆಗೆದುಕೊಂಡೆ. ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟವನ್ನು ಅಮೆರಿಕದ ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕುಳಿತು ರೂಪಿಸಿದರು. 2016ರ ಫೆಬ್ರುವರಿ 26ರಂದು ಅದು ಹೊರಬಂತು. ಚಿತ್ರ, ಸಂಗೀತ, ಪ್ರೋಗ್ರಾಂ ಎಲ್ಲ ಅವರದೇ. ಹಾಗಾಗಿ ಆಟಗಾರರು ಹೇಳಿದ ದೋಷಗಳನ್ನು ತಿದ್ದುವ ಕೆಲಸವೂ ಅವರ ಪಾಲಿಗೇ ಬಂತು. ಆಟಗಾರನ ಕಂಪ್ಯೂಟರ್ ಇಂಥ ಡೆವಲಪರ್‌ನ ಕಣ್ಣಿಗೆ ಕಾಣದು. "ಆಟ ನಿಂತಿತು" ಎಂದರೆ ಸಾಲದು. ಯಾವ ಆವೃತ್ತಿ? ನಿಲ್ಲುವ ಮುನ್ನ ಏನು ಮಾಡಿದಿರಿ? ಮತ್ತೆ ಹಾಗೇ ಮಾಡಿದರೆ ಮತ್ತೆ ನಿಲ್ಲುತ್ತದೆಯೇ? ಒಂದನ್ನು ಮಾತ್ರ ಬದಲಿಸಿ ನೋಡಿ ಹೇಳಿ.

ಕಬ್ಬಿನ ಊರಿನ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ. ಪಂಪ್‌ಸೆಟ್ ನಿಂತರೆ ಮನೆಯಲ್ಲಿ ಮೊದಲು ಫ್ಯೂಸ್ ನೋಡುತ್ತಾರಂತೆ.

ಅವೇ ಹಳೆಯ ಸಾಮಗ್ರಿಗಳನ್ನು ಕೊಟ್ಟೆ. ಕೋಶ ಬದಲಿಸಿದರು, ಹತ್ತಲಿಲ್ಲ. ಹಳೆಯ ಕೋಶವನ್ನೇ ಮರಳಿ ಇಟ್ಟು ತಂತಿ ಬದಲಿಸಿದರು. ಹತ್ತಿತು. ಅದೇ ಹುಡುಗಿ ಹಳೆಯ ತಂತಿಯ ಹೊದಿಕೆ ಸುಲಿದು ಒಳಗಿನ ತುಂಡನ್ನು ತೋರಿಸಿದಳು.