ದ್ವೀಪಕ್ಕೆ ಹೊರಟ ಸಾಮಾನು

 

ಇಂದಿನ ಓದು: ಸುತ್ತನಿಪಾತದ ಪಾರಾಯನವಗ್ಗದಲ್ಲಿ ಬರುವ ಕಪ್ಪನ ಪ್ರಶ್ನೆ.

ಪಾಳಿಯಲ್ಲಿ ‘ದೀಪ’ ಎಂಬ ಒಂದೇ ಪದಕ್ಕೆ ಎರಡು ಅರ್ಥ. ಸಂಸ್ಕೃತದ ದೀಪವೂ ಅಲ್ಲಿ ದೀಪವೇ, ದ್ವೀಪವೂ ದೀಪವೇ. ಮಹಾಪರಿನಿಬ್ಬಾಣ ಸುತ್ತದಲ್ಲಿ ಬುದ್ಧರು ಬೇಲುವ ಗ್ರಾಮದಲ್ಲಿ ಆನಂದನಿಗೆ ‘ಅತ್ತದೀಪ’ರಾಗಿರಿ ಎಂದು ಹೇಳುವ ಮಾತನ್ನು ನಾವು ಕನ್ನಡದಲ್ಲಿ ಸಾಮಾನ್ಯವಾಗಿ ‘ನಿಮಗೆ ನೀವೇ ಬೆಳಕಾಗಿ’ ಎಂದು ಓದುತ್ತೇವೆ. ತಪ್ಪೇನಲ್ಲ. ಆದರೆ ಹಳೆಯ ಅಟ್ಠಕಥೆ ಅದನ್ನು ಸಮುದ್ರದ ನಡುವಿನ ದ್ವೀಪ ಎಂದೇ ಬಿಡಿಸುತ್ತದೆ. ಅದೇ ಮಾತು ಸಂಸ್ಕೃತ ಪಾಠಗಳಲ್ಲಿ ‘ಆತ್ಮದ್ವೀಪ’ ಎಂದು ಇದೆ. ನನಗೂ ದ್ವೀಪವೇ ಹೆಚ್ಚು ಒಪ್ಪುತ್ತದೆ. ಕತ್ತಲಲ್ಲಿರುವವನಿಗೆ ಬೆಳಕು ಬೇಕು, ಪ್ರವಾಹದಲ್ಲಿ ಕೊಚ್ಚಿಹೋಗುತ್ತಿರುವವನಿಗೆ ಮೊದಲು ಕಾಲೂರುವ ನೆಲ ಬೇಕು.

ಕಪ್ಪ ಕೇಳಿದ್ದು ಇದನ್ನೇ. ಮುಪ್ಪು, ಸಾವು ಎಂಬ ನೆರೆಯ ನಡುವೆ ನಿಂತವರಿಗೆ ಒಂದು ದ್ವೀಪ ತೋರಿಸಿ ಅಂತ. ಬುದ್ಧರು ಉತ್ತರದಲ್ಲಿ ಎರಡು ಪದ ಬಳಸುತ್ತಾರೆ: ‘ಅಕಿಂಚನ’, ‘ಅನಾದಾನ’. ನನ್ನದು ಎಂಬುದು ಏನೂ ಇಲ್ಲದಿರುವುದು, ಏನನ್ನೂ ಹಿಡಿದುಕೊಳ್ಳದಿರುವುದು. ಆ ದ್ವೀಪ ಇದೇ, ಬೇರೊಂದಿಲ್ಲ ಎನ್ನುತ್ತಾರೆ.

ಈ ಕಪ್ಪ ಯಾರು? ಗೋದಾವರಿ ದಂಡೆಯಲ್ಲಿದ್ದ ಬಾವರಿ ಎಂಬ ಬ್ರಾಹ್ಮಣನ ಹದಿನಾರು ಶಿಷ್ಯರಲ್ಲಿ ಒಬ್ಬ. ಅಂದರೆ ದಕ್ಷಿಣಾಪಥದವನು, ಹೆಚ್ಚುಕಡಿಮೆ ನಮ್ಮ ಕಡೆಯವನು. ಈ ಹದಿನಾರು ಜನ ಪತಿಟ್ಠಾನ (ಇಂದಿನ ಪೈಠಣ), ಮಾಹಿಸ್ಸತಿ, ಉಜ್ಜೇನಿ, ವೇದಿಸ ಎಂದು ಊರೂರು ದಾಟಿ ಸಾವತ್ಥಿಗೆ ಹೋಗಿ, ಕೊನೆಗೆ ಮಗಧದಲ್ಲಿ ಬುದ್ಧರನ್ನು ಕಂಡರು. ಅಷ್ಟು ದೂರಕ್ಕೆ ಅವರ ಜೊತೆ ಹೋದ ಸಾಮಾನು ಜಡೆ ಮತ್ತು ಜಿಂಕೆಚರ್ಮ. ಅಂಥವರಿಗೇ ಬುದ್ಧರು ‘ಹಿಡಿದುಕೊಳ್ಳಬೇಡ’ ಎಂದು ಹೇಳಬೇಕಾಯಿತು ನೋಡಿ. ಹಾಗಾದರೆ ಆ ಮಾತು ಗಂಟುಮೂಟೆಯ ಬಗ್ಗೆ ಆಗಿರಲಾರದು.

ಇದನ್ನು ನಾನು ಪುಸ್ತಕಕ್ಕಿಂತ ಹೆಚ್ಚಾಗಿ ನಮ್ಮ ಮನೆಯಲ್ಲಿ ಓದಿದೆ. ತಮ್ಮನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವನೂ ಈ ಗುಂಪಿನಲ್ಲಿದ್ದಾನೆ.

ತಮ್ಮ ಕೇಂದ್ರ ಸರ್ಕಾರದ ನೌಕರ. ತಳಕಿನ ಮನೆಯಿಂದಲೇ ಚಳ್ಳಕೆರೆಗೆ ಓಡಾಡಿಕೊಂಡಿದ್ದ. ಮೂರು ವರ್ಷದ ಹಿಂದೆ ಪೋರ್ಟ್ ಬ್ಲೇರ್‌ಗೆ ವರ್ಗವಾಯಿತು. (2024ರ ಸೆಪ್ಟೆಂಬರಿನಲ್ಲಿ ಆ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟರು. ನಮ್ಮ ಮನೆಯಲ್ಲಿ ಇನ್ನೂ ಪೋರ್ಟ್ ಬ್ಲೇರ್ ಎಂದೇ ಬಾಯಿಗೆ ಬರುತ್ತದೆ.) ತಮ್ಮ, ಅವನ ಹೆಂಡತಿ, ಮಗಳು, ಜೊತೆಗೆ ನಮ್ಮ ಅವ್ವ. ಅವ್ವನಿಗೆ ಆಗ ಎಪ್ಪತ್ತನಾಲ್ಕು. ‘ನನ್ನ ಜೊತೆ ಇರವ್ವ’ ಎಂದು ನಾನು ಕೇಳಿದೆ. ‘ಮೊಮ್ಮಗಳನ್ನ ಯಾರ್ ನೋಡ್ತಾರೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ನಮ್ಮ ಚಳ್ಳಕೆರೆ ತಾಲ್ಲೂಕು ರಾಜ್ಯದಲ್ಲೇ ಮಳೆ ಕಡಿಮೆ ಬೀಳುವ ಸೀಮೆ, ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸು. ಪೋರ್ಟ್ ಬ್ಲೇರ್‌ನಲ್ಲಿ ಮೂರು ಸಾವಿರ. ಇಲ್ಲಿ ನೂರು ವರ್ಷ ಬಾಳುವ ಕಂಬಳಿ ಅಲ್ಲಿ ಒಂದೇ ಮಳೆಗಾಲಕ್ಕೆ ಬೂಸಲು ಹಿಡಿಯುತ್ತದೆ. ಕಬ್ಬಿಣದ ಬೀರುವಿಗೆ ಉಪ್ಪುಗಾಳಿ ತಗುಲಿ ತುಕ್ಕು ಏರುತ್ತದೆ. ಮೊಳಕಾಲ್ಮೂರು ಸೀರೆಯನ್ನಂತೂ ಆಗಾಗ ತೆಗೆದು ಗಾಳಿಗೆ ಹಾಕಲೇಬೇಕು. ತಳಕಿನಿಂದ ಚೆನ್ನೈಗೆ ಲಾರಿಯಲ್ಲಿ ಐನೂರು ಕಿ.ಮೀ. ಮೀರುವ ದಾರಿ. ಚೆನ್ನೈ ಬಂದರಿನಿಂದ ಸಮುದ್ರದಲ್ಲಿ ಇನ್ನೂ ಸುಮಾರು 1,200 ಕಿ.ಮೀ. ಪ್ರಯಾಣಿಕರ ಹಡಗಿಗೇ ಎರಡೂವರೆ ಮೂರು ದಿನ ಬೇಕು. ಸಾಮಾನು ಕಂಟೇನರಿನಲ್ಲಿ ಹೋದರೆ ಬಂದರಿನಲ್ಲಿ ಸರದಿ ಕಾಯಬೇಕು, ಹಡಗು ಕಾಯಬೇಕು, ಇಳಿಸುವುದಕ್ಕೂ ಕಾಯಬೇಕು. ಗ್ಯಾಸ್ ಸಿಲಿಂಡರನ್ನು ಇಲ್ಲೇ ಒಪ್ಪಿಸಿ ಕಾಗದ ಪಡೆಯಬೇಕು. ಬೈಕಿನ ಪೆಟ್ರೋಲ್ ಪೂರ್ತಿ ಖಾಲಿ ಮಾಡಿಸಬೇಕು, ಆರ್‌ಟಿಓದಿಂದ ನಿರಾಕ್ಷೇಪಣಾ ಪತ್ರ ತರಬೇಕು. ಇದನ್ನೆಲ್ಲ ತಮ್ಮ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದ.

ಸರ್ಕಾರ ಈ ವಿಷಯದಲ್ಲಿ ಧಾರಾಳಿ. ಏಳನೇ ವೇತನ ಆಯೋಗದ ನಂತರದ ನಿಯಮದ ಪ್ರಕಾರ ವೇತನ ಹಂತ 6 ಮತ್ತು ಅದಕ್ಕೂ ಮೇಲಿನವರು ವರ್ಗವಾದಾಗ 6,000 ಕೆ.ಜಿ. ಸಾಮಾನು ಸಾಗಿಸಬಹುದು. 5ನೇ ಹಂತಕ್ಕೆ 3,000. ನಾಲ್ಕು ಮತ್ತು ಕೆಳಗಿನವರಿಗೆ 1,500. ಉಳಿದ ಕಡೆ ದೂರದೂರಿಗೆ ವರ್ಗವಾದರೆ ಮೂಲ ವೇತನದ ಶೇ. 80 ಅನುದಾನ, ಅಂಡಮಾನ್ ಮತ್ತು ಲಕ್ಷದ್ವೀಪಕ್ಕಾದರೆ ಪೂರ್ತಿ ಒಂದು ತಿಂಗಳ ಮೂಲ ವೇತನ. ದ್ವೀಪಕ್ಕೆ ಹೋಗುವ ಕಷ್ಟ ಸರ್ಕಾರಕ್ಕೂ ಗೊತ್ತಿದೆ!

ವಿನಯದ ಲೆಕ್ಕದಲ್ಲಿ ಭಿಕ್ಖುವಿಗೆ ಎಂಟು ಪರಿಕ್ಖಾರಗಳು: ಮೂರು ಚೀವರ, ಭಿಕ್ಷಾಪಾತ್ರೆ, ಕ್ಷೌರದ ಕತ್ತಿ, ಸೂಜಿ, ಸೊಂಟಪಟ್ಟಿ, ನೀರು ಸೋಸುವ ಬಟ್ಟೆ. ಸಾಮಞ್ಞಫಲ ಸುತ್ತದಲ್ಲಿ ಅಂಥವನನ್ನು ರೆಕ್ಕೆ ಬಿಟ್ಟು ಬೇರೆ ಭಾರವಿಲ್ಲದ ಹಕ್ಕಿಗೆ ಹೋಲಿಸಿದ್ದಾರೆ. ಅಂಡಮಾನ್ ಕಡಲಿನ ಆಚೆ ದಡದ ಥಾಯ್ಲೆಂಡಿನಲ್ಲಿ ಅರಣ್ಯವಾಸಿ ಭಿಕ್ಖುಗಳು ಈಗಲೂ ಪಾತ್ರೆ, ಚೀವರ, ಸೊಳ್ಳೆಪರದೆ ಇಳಿಬಿಟ್ಟ ಒಂದು ದೊಡ್ಡ ಕೊಡೆ ಹೊತ್ತು ಕಾಲ್ನಡಿಗೆಯಲ್ಲಿ ಸಂಚರಿಸುತ್ತಾರೆ. ದೂರವೇಕೆ, ನಮ್ಮ ಸೀಮೆಯ ದೇವರ ಎತ್ತು ಕಾಯುವ ಕಿಲಾರಿಗಳನ್ನೇ ನೋಡಿ. ಬರ ಬಂದಾಗ ಮೇವು ಹುಡುಕಿ ದನ ಹೊಡೆದುಕೊಂಡು ಹೋಗುವವನ ಹೆಗಲಲ್ಲಿ ಕಂಬಳಿ, ಕೈಯಲ್ಲಿ ಕೋಲು, ಒಂದು ಬುತ್ತಿ.

ಈಗ ವಿಷಯಕ್ಕೆ ಬರುತ್ತೇನೆ. ಅವ್ವನ ಹತ್ತಿರ ಒಂದು ಬೀಸುವ ಕಲ್ಲು ಇದೆ. ತವರಿನಿಂದ ಗಾಡಿಯಲ್ಲಿ ಅವಳ ಜೊತೆ ಬಂದಿದ್ದು. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟು ಕಾಲವಾಯಿತೋ, ಅದರಲ್ಲಿ ರಾಗಿ ಬೀಸಿದ್ದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇ ಕೊನೆ. ಅದನ್ನೂ ಲಾರಿಗೆ ಹಾಕಿ ಎಂದಳು.

ತಮ್ಮ ಸಮಾಧಾನವಾಗಿಯೇ ಹೇಳಿದ. ‘ಅವ್ವಾ, ಅದು ಕಲ್ಲು. ಮಿಕ್ಸಿ ಐತೆ. ಬುದ್ಧರು ಏನ್ ಹೇಳ್ತಾರೆ? ಅಂಟಿಕೊಂಡಷ್ಟೂ ದುಃಖ. ಬಿಟ್ಟುಬಿಡು.’

ಅವ್ವ ಮುಖ ನೋಡದೆ ಹೇಳಿದಳು: ‘ನಿನ್ ಟಿವಿ, ನಿನ್ ಸೋಫಾ ಹೋಗ್ತಾವೆ. ಅವುಕ್ಕೆ ಬುದ್ಧರು ಏನೂ ಹೇಳಿಲ್ವೇನಪ್ಪಾ?’

ನಾವಿಬ್ಬರೂ ಸುಮ್ಮನಾದೆವು. ತೂಕದ ಪ್ರಶ್ನೆ ಇರಲೇ ಇಲ್ಲ. ಇಡೀ ಮನೆಯ ಸಾಮಾನು ಸೇರಿದರೂ ಎರಡು ಸಾವಿರ ಕೆ.ಜಿ. ಮುಟ್ಟುತ್ತಿರಲಿಲ್ಲ. ನಾಲ್ಕು ಸಾವಿರ ಕೆ.ಜಿ.ಯಷ್ಟು ಜಾಗ ಸರ್ಕಾರದ ಲೆಕ್ಕದಲ್ಲಿ ಖಾಲಿ ಬಿದ್ದಿತ್ತು.

ಧಮ್ಮ ಓದುವ ನಮಗೆ ಒಂದು ಚಾಳಿ ಇದೆ. ಅನಾದಾನದ ಮಾತನ್ನು ಮೊದಲು ಇನ್ನೊಬ್ಬರ ವಸ್ತುವಿನ ಮೇಲೆ ಪ್ರಯೋಗಿಸುವುದು. ಅದರಲ್ಲೂ ಮನೆಯ ಹೆಂಗಸರ, ಮುದುಕರ ವಸ್ತುವಿನ ಮೇಲೆ. ಬುದ್ಧರು ಹೀಗೆ ಮಾಡಿದವರಲ್ಲ. ದೀಘಜಾಣು ಎಂಬ ಕೋಲಿಯನು ಬಂದು, ‘ನಾವು ಹೆಂಡತಿ ಮಕ್ಕಳೊಂದಿಗೆ ಇರುವವರು, ಗಂಧ ಹಚ್ಚಿಕೊಳ್ಳುವವರು, ಹೂ ಮುಡಿಯುವವರು, ನಮಗೆ ತಕ್ಕ ಧಮ್ಮ ಹೇಳಿ’ ಎಂಬರ್ಥದಲ್ಲಿ ಕೇಳಿದಾಗ ಅವನಿಗೆ ಹಕ್ಕಿಯ ಹೋಲಿಕೆ ಕೊಡಲಿಲ್ಲ. ದುಡಿದು ಗಳಿಸು, ಗಳಿಸಿದ್ದನ್ನು ಕಾಪಾಡಿಕೋ, ಒಳ್ಳೆಯವರ ಸಂಗ ಮಾಡು, ಆಯವ್ಯಯ ಅರಿತು ಬಾಳು ಎಂದು ಈ ಲೋಕದ ನಾಲ್ಕು ಸಂಪತ್ತನ್ನು ಮೊದಲು ಹೇಳಿ, ಆಮೇಲೆ ಶ್ರದ್ಧೆ, ಶೀಲ, ತ್ಯಾಗ, ಪ್ರಜ್ಞೆಗೆ ಬಂದರು. ಅಲ್ಲಿನ ತ್ಯಾಗ ಎಂದರೆ ತನ್ನದನ್ನು ಕೈಬಿಚ್ಚಿ ಕೊಡುವುದು. ಅವ್ವನ ಕೈಯಿಂದ ಕಿತ್ತಿಡುವುದು ಅದರಲ್ಲಿ ಬರುವುದಿಲ್ಲ.

ಇನ್ನು ನಮ್ಮ ಪಕ್ಕದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳು. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಶೋಕನ ಶಾಸನಗಳು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆ ಆಜ್ಞೆಯಲ್ಲಿ ತಾಯಿತಂದೆಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಬೇಕು, ಸತ್ಯ ನುಡಿಯಬೇಕು ಎಂದಿದೆ. ಕೊರೆದ ಲಿಪಿಕಾರನ ಹೆಸರು ಚಪಡ. ಅವನು ತನ್ನ ಹೆಸರಿನ ಜೊತೆ ‘ಲಿಪಿಕಾರ’ ಎಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ವಾಯವ್ಯದ ಗಂಧಾರ ಸೀಮೆಯ ಲಿಪಿ. ಆದ್ದರಿಂದ ಅವನು ಆ ಕಡೆಯಿಂದ ಬಂದವನೋ, ಅಲ್ಲಿ ಕೆಲಸ ಮಾಡಿದವನೋ ಇರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ಅವನೂ ವರ್ಗಾವಣೆಯ ನೌಕರನೇ! ಎಷ್ಟು ಸಾಮಾನು ತಂದಿದ್ದನೋ ಏನೋ, ಉಳಿದದ್ದು ಆ ಒಂದು ಪದ.

ಕಲ್ಲನ್ನು ಗೋಣಿಚೀಲದಲ್ಲಿ ಸುತ್ತಿ, ಹುಲ್ಲು ತುಂಬಿ, ತಮ್ಮನೇ ಲಾರಿಗೆ ಏರಿಸಿದ.

ಸಾಮಾನು ಹಡಗಿನ ದಾರಿ ಹಿಡಿಯಿತು, ಅವರು ನಾಲ್ವರು ವಿಮಾನದಲ್ಲಿ ಹೋದರು. ತಲಾ ಹದಿನೈದು ಕೆ.ಜಿ., ಒಟ್ಟು ಅರವತ್ತು. ಸಾಮಾನು ಬರಲು ನಲವತ್ತಮೂರು ದಿನ ಹಿಡಿಯಿತು. ಅಷ್ಟು ದಿನ ಖಾಲಿ ಕ್ವಾರ್ಟರ್ಸಿನಲ್ಲಿ ಎರಡು ಚಾಪೆ, ಪಕ್ಕದ ಮನೆಯವರು ಕೊಟ್ಟ ಒಂದು ಸ್ಟೌ, ಮೂರು ಪಾತ್ರೆ. ಪಕ್ಕದ ಮನೆಯವರು ಜಾರ್ಖಂಡ್ ಮೂಲದವರು. ಅಲ್ಲಿ ಅವರನ್ನು ‘ರಾಂಚಿಯವರು’ ಎನ್ನುತ್ತಾರಂತೆ. ಅವರ ಅಜ್ಜಂದಿರು ಕಾಡಿನ ಕೂಲಿಗೆಂದು ಬಂದು ಉಳಿದವರು. ಆ ಮನೆಯ ಹಿರಿಯಾಕೆಗೂ ಅವ್ವನಿಗೂ ಒಂದು ಭಾಷೆಯೂ ಸಮ ಇಲ್ಲ. ಆದರೂ ದಿನಾ ಸಂಜೆ ಜಗಲಿಯಲ್ಲಿ ಇಬ್ಬರೂ ಕೂರುತ್ತಿದ್ದರು.

ಈ ನಲವತ್ತಮೂರು ದಿನದ ಫೋನ್ ಮಾತುಗಳೇ ನನಗೆ ಕಪ್ಪನ ಸುತ್ತಕ್ಕೆ ಅಟ್ಠಕಥೆಯಾದವು. ಅವ್ವ ಕೇಳುತ್ತಿದ್ದದ್ದು ತಳಕಿನಲ್ಲಿ ಮಳೆ ಬಂತಾ, ಶೇಂಗಾ ಬಿತ್ತನೆ ಆಯಿತಾ ಅಂತ. ‘ಮನೆ ಗುಡಿಸೋದು ಇಲ್ಲಿ ಭಾಳ ಸಲೀಸು ಕಣಪ್ಪಾ, ಏನೂ ಅಡ್ಡ ಇಲ್ಲ’ ಎಂದು ನಗುತ್ತಿದ್ದಳು. ಕಲ್ಲಿನ ಸುದ್ದಿಯನ್ನು ಒಂದು ದಿನವೂ ಎತ್ತಲಿಲ್ಲ. ತಮ್ಮ ಮಾತ್ರ ದಿನಾ ಕಂಟೇನರ್ ಎಲ್ಲಿದೆ ಎಂದು ಟ್ರಾನ್ಸ್‌ಪೋರ್ಟಿನವರಿಗೆ ಫೋನ್ ಮಾಡುತ್ತಿದ್ದ. ಚೆನ್ನೈಯಲ್ಲಿ ಮಳೆ ಎಂದರೆ ರಾತ್ರಿ ನಿದ್ದೆ ಇಲ್ಲ. ಮನೆಯಲ್ಲಿ ಒಂದು ಕುರ್ಚಿಯೂ ಇಲ್ಲ, ಆದರೆ ಎರಡು ಸಾವಿರ ಕೆ.ಜಿ. ಅವನ ತಲೆಯ ಮೇಲಿತ್ತು. ಅವನೇ ನಗುತ್ತಾ ಹೇಳಿದ್ದು: ‘ಅಣ್ಣಾ, ಲಾರಿಯ ಹಮಾಲಿ ಒಂದು ಸಲ ಹೊತ್ತು ಇಳಿಸಿದ. ನಾನು ಇನ್ನೂ ಇಳಿಸಿಲ್ಲ.’

ಸಂಯುತ್ತನಿಕಾಯದ ಭಾರಸುತ್ತ ನೆನಪಾಯಿತು. ಅಲ್ಲಿ ಬುದ್ಧರು ಭಾರ ಎಂದು ಪಂಚಸ್ಕಂಧಗಳನ್ನು ಕರೆಯುತ್ತಾರೆ, ಭಾರ ಎತ್ತಿಕೊಳ್ಳುವುದು ತೃಷ್ಣೆ. ಮಂಚ, ಬೀರು ಅಲ್ಲಿ ಬರುವುದೇ ಇಲ್ಲ. ‘ಉಪಾದಾನ’ಕ್ಕೆ ಪಾಳಿಯಲ್ಲಿ ಉರುವಲು ಎಂಬ ಅರ್ಥವೂ ಇದೆ ಎಂದು ಹೋದ ತಿಂಗಳು ಓದಿದ್ದೆವಲ್ಲ, ಅದನ್ನೂ ಇಲ್ಲಿಗೆ ಜೋಡಿಸಿಕೊಳ್ಳಿ. ಮರದ ಕುರ್ಚಿ ಉರಿಯದೆ ಇರಬಹುದು, ಇಲ್ಲದ ಕುರ್ಚಿಯೇ ಉರಿಯಬಹುದು.

ಹಾಗೆಂದು ಅವ್ವ ಅರಹಂತಳೆಂದು ನಾನು ಹೇಳುತ್ತಿಲ್ಲ! ಸಾಮಾನು ಬಂದ ದಿನ ಅವಳು ಮೊದಲು ಬಿಚ್ಚಿಸಿದ್ದು ಕಲ್ಲಿನ ಗೋಣಿಯನ್ನೇ. ವಾಷಿಂಗ್ ಮೆಷಿನ್ ನಗ್ಗಿತ್ತು, ಪುಸ್ತಕದ ಒಂದು ಡಬ್ಬ ನೆನೆದಿತ್ತು. ಕಲ್ಲಿಗೆ ಏನೂ ಆಗಿರಲಿಲ್ಲ. ಅದನ್ನು ಜಗಲಿಯಲ್ಲಿ ಇಟ್ಟರು. ಎರಡು ತಿಂಗಳಾದ ಮೇಲೆ ಆ ರಾಂಚಿ ಅಜ್ಜಿ ಅದರಲ್ಲಿ ಏನೋ ಬೇಳೆ ಒಡೆಯಲು ಕೂತಳಂತೆ. ಗೂಟ ಹಿಡಿದ ರೀತಿ ನೋಡಿ ಅವ್ವನಿಗೆ ಆಶ್ಚರ್ಯ. ಎದುರು ಕೂತು ಇನ್ನೊಂದು ಕೈ ಹಾಕಿದಳಂತೆ. ಫೋಟೋ ಈ ಗುಂಪಿನಲ್ಲೇ ತಮ್ಮ ಹಾಕಿದ್ದ, ಹಳಬರು ನೋಡಿರುತ್ತೀರಿ.

ದ್ವೀಪಕ್ಕೆ ಏನು ಒಯ್ಯಬೇಕು ಎಂಬುದಕ್ಕೆ ನಮ್ಮ ಪರಂಪರೆಯಲ್ಲೇ ದೊಡ್ಡ ಕಥೆ ಇದೆ. ಮಹಾವಂಸದ ಪ್ರಕಾರ ಸಂಘಮಿತ್ತಾ ಥೇರಿ ತಾಮ್ರಲಿಪ್ತಿಯಿಂದ ಹಡಗು ಹತ್ತಿ ಲಂಕೆಯ ಜಂಬುಕೋಲದಲ್ಲಿ ಇಳಿದಾಗ ತಂದದ್ದು ಬೋಧಿವೃಕ್ಷದ ಒಂದು ಕೊಂಬೆ. ಅದನ್ನು ಅನುರಾಧಪುರದಲ್ಲಿ ನೆಟ್ಟರು. ನಾವು ಇಷ್ಟನ್ನೇ ಹೇಳಿ ನಿಲ್ಲಿಸುತ್ತೇವೆ. ಆದರೆ ಆ ಕೊಂಬೆಯನ್ನು ನೋಡಿಕೊಳ್ಳಲು ಜೊತೆಗೆ ಹಲವು ಕುಲದ ಜನರೂ ಬಂದರು, ನೇಕಾರರು, ಕುಂಬಾರರು ಕೂಡ ಇದ್ದರು ಎಂದು ಅದೇ ಗ್ರಂಥ ಹೇಳುತ್ತದೆ. ಕುಂಬಾರ ಬಂದ ಮೇಲೆ ತಿಗರಿ ಬಾರದೆ ಇರುತ್ತದೆಯೇ? ನೇಕಾರನ ಹೆಂಡತಿ ರಾಟೆ ಬಿಟ್ಟು ಬಂದಿರುತ್ತಾಳೆಯೇ? ಇದು ಗ್ರಂಥದಲ್ಲಿಲ್ಲ, ನನ್ನ ಊಹೆ. ಒಂದು ಕೊಂಬೆ ಬೇರೂರಲು ಎಷ್ಟೋ ಮನೆಗಳ ಗಂಟುಮೂಟೆ ಸಮುದ್ರ ದಾಟಿರಬೇಕು.

ಈ ತಿಂಗಳು ತಮ್ಮನಿಗೆ ವಾಪಸ್ ವರ್ಗದ ಆದೇಶ ಬಂದಿದೆ. ನೋಟ್‌ಬುಕ್ ಮತ್ತೆ ತೆಗೆದಿದ್ದಾನೆ. ಸೋಫಾ, ಬೀರು ಅಲ್ಲೇ ಮಾರುತ್ತಾನಂತೆ. ಕಲ್ಲಿನ ಬಗ್ಗೆ ಅವ್ವ ಏನೂ ಹೇಳಿಲ್ಲ. ಈ ಸಲ ಯಾರೂ ಕೇಳಿಯೂ ಇಲ್ಲ.

ಅಭ್ಯಾಸಕ್ಕೆ: ಇಂದು ಮನೆಯಲ್ಲಿ ಕಣ್ಣಿಗೆ ಬಿದ್ದ ಒಂದು ವಸ್ತುವಿನ ಮುಂದೆ ಐದು ನಿಮಿಷ ಕುಳಿತು, ಅದು ಇಲ್ಲಿ ಇದೆಯೋ, ನನ್ನ ತಲೆಯಲ್ಲಿ ಇದೆಯೋ ಎಂದು ನೋಡಿ. ನಿಮ್ಮದೇ ವಸ್ತು ಆಗಿರಲಿ, ಮನೆಯವರದ್ದು ಬೇಡ.

ಭಾನುವಾರದ ಓದಿಗೆ ದೀಘಜಾಣು ಸುತ್ತ ಓದಿಕೊಂಡು ಬನ್ನಿ. ಅಂಗುತ್ತರನಿಕಾಯ, ಎಂಟರ ನಿಪಾತದಲ್ಲಿದೆ. ಬಿಸಿಲು ಜೋರಿದೆ, ನೀರಿನ ಬಾಟ್ಲಿ ಮರೆಯಬೇಡಿ.

ಭವತು ಸಬ್ಬ ಮಂಗಲಂ.